ಟಕ್ ಅಂತ ಒಂದೇ ಸದ್ದು

ಹಳೇ ಕಾರಿಗೆ ಬೇರೆ ಎಂಜಿನ್ ಕೂರಿಸೋದು ಕಷ್ಟದ ಕೆಲಸ ಅಂತ ಎಲ್ರೂ ಹೇಳ್ತಾರೆ. ನಮಗೆ ಕೂರಿಸೋಕೆ ಎರಡು ದಿನ ಹಿಡೀತು. ಅದು ಯಾಕೆ ಸ್ಟಾರ್ಟ್ ಆಗ್ತಿಲ್ಲ ಅಂತ ಹುಡುಕೋಕೆ ನಾಲ್ಕು ದಿನ ಬೇಕಾಯ್ತು.

ನಮ್ಮ ಲ್ಯಾಬಿನ ಹಿಂದಿನ ಶೆಡ್ಡಿನಲ್ಲಿ ಒಂದು ಮಾರುತಿ 800 ಇತ್ತು. 1983ರಲ್ಲಿ ಮೊದಲು ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತ ಕಾರು. 796 ಸಿಸಿ, ಮೂರೇ ಸಿಲಿಂಡರ್. ನಮ್ಮಲ್ಲಿ ಇಬ್ಬರ ಮನೆಯ ಮೊದಲ ಕಾರೂ ಅದೇ. ಲ್ಯಾಬಿನ ಗಾಡಿಯ ಎಂಜಿನ್ ಸೀಜ್ ಆಗಿ ವರ್ಷಗಳೇ ಆಗಿದ್ವು. ಡಿಪಾರ್ಟ್‌ಮೆಂಟಿಗೆ ಶೆಡ್ ಬೇಕಿತ್ತು. ತಿಂಗಳ ಕೊನೆಯೊಳಗೆ ಗಾಡಿ ತಾನೇ ಓಡ್ಕೊಂಡು ಹೊರಗೆ ಬರ್ಬೇಕು, ಇಲ್ದಿದ್ರೆ ಗುಜರಿಗೆ ಅಂತ ತೀರ್ಮಾನ ಆಯ್ತು. ಲ್ಯಾಬಿನ ಮೆಕ್ಯಾನಿಕ್ ಸರ್ ಅದೇ ತಿಂಗಳು ರಿಟೈರ್ ಆಗೋರಿದ್ರು. ಅದೇ ಗಾಡಿ ಬಿಚ್ಚಿ, ಜೋಡಿಸಿ ಎಷ್ಟೋ ಬ್ಯಾಚಿಗೆ ಕಲಿಸಿದವರು. ತೀರ್ಮಾನ ಕೇಳಿ ಅವರು ಏನೂ ಹೇಳ್ಲಿಲ್ಲ. ಅದಕ್ಕೇ ನಮಗೆ ಸುಮ್ಮನಿರೋಕೆ ಆಗ್ಲಿಲ್ಲ.

ಎಲ್ರೂ ದುಡ್ಡು ಹಾಕಿ ಅದೇ ಮಾಡೆಲ್‌ನ ಎಂಜಿನ್, ಗೇರ್‌ಬಾಕ್ಸ್, ಸ್ಟಾರ್ಟರ್ ಎಲ್ಲಾ ಒಟ್ಟಿಗೇ ತಂದ್ವಿ. ಮಾರಿದವರು ಚೆಂದ ಕಾಣ್ಲಿ ಅಂತ ಮೇಲಿಂದ ಕೆಳಗಿನವರೆಗೂ ಕಪ್ಪು ಪೇಂಟ್ ಹೊಡೆದಿದ್ರು. ಕೂರಿಸಿ, ಕೀ ತಿರುಗಿಸಿದ್ರೆ ಟಕ್ ಅಂತ ಒಂದೇ ಸದ್ದು.

ಟಕ್ ಅಂದ್ರೆ ಸಾಲೆನಾಯ್ಡ್ ಎಳೀತಿದೆ, ಆದ್ರೆ ಮೋಟಾರಿಗೆ ತಿರುಗುವಷ್ಟು ಶಕ್ತಿ ಸಿಗ್ತಿಲ್ಲ. ಬ್ಯಾಟರಿ ನೋಡಿದ್ವಿ: 12.6 ವೋಲ್ಟ್, ಫುಲ್ ಚಾರ್ಜ್. ಸ್ಟಾರ್ಟರ್ ಬಿಚ್ಚಿ, ನೆಲದ ಮೇಲೆ ಒತ್ತಿ ಹಿಡಿದು ಜಂಪರ್ ಕೇಬಲ್ ಕೊಟ್ರೆ ಗಿರ್ರನೆ ತಿರುಗ್ತು. ಕ್ರ್ಯಾಂಕಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ಎಂಜಿನ್ನೂ ಸಲೀಸು. ಅರ್ಥ್ ಕೇಬಲ್ಲಿಗೆ ಮಲ್ಟಿಮೀಟರ್ ಇಟ್ರೆ ಬೀಪ್. ಎಲ್ಲಾ ಸರಿ ಇದೆ, ಕೀ ತಿರುಗಿಸಿದ್ರೆ ಮಾತ್ರ ಟಕ್.

ಸರ್ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಹೋದ ಕರೆಂಟು ವಾಪಸ್ ಮನೆಗೆ ಬರೋ ದಾರಿ ಯಾವ್ದ್ರಪ್ಪಾ?"

ಒಂದು ಕ್ಷಣ ಯಾರಿಗೂ ಮಾತು ಬರ್ಲಿಲ್ಲ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮಗೆ ಕಿರ್ಚಾಫ್ ನಿಯಮ ಬಾಯಿಪಾಠ. ಆದ್ರೆ ಕರೆಂಟಿಗೂ ಒಂದು ಮನೆ ಇದೆ, ಅದು ಹೊರಟಲ್ಲಿಗೇ ಬರ್ಬೇಕು ಅಂತ ಯಾರೂ ಹೀಗೆ ಹೇಳಿರ್ಲಿಲ್ಲ. ಎಂಜಿನ್ ಕೂತಿರೋದು ರಬ್ಬರ್ ಮೌಂಟ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ. ವಾಪಸ್ ಬರೋಕೆ ಇರೋ ನಿಜವಾದ ದಾರಿ ಅರ್ಥ್ ಕೇಬಲ್ ಒಂದೇ. ಸರ್ ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡೋಕೆ ಹೇಳಿದ್ರು. ಬೆಚ್ಚಗಿತ್ತು! ದೊಡ್ಡ ದಾರಿ ಸಿಗದೆ ಕರೆಂಟು ಸಂದಿಗೊಂದಿಯಲ್ಲಿ ನುಗ್ತಾ ಇತ್ತು.

ಆಮೇಲೆ ಒಬ್ಬರು ಕೀ ತಿರುಗಿಸಿ ಹಿಡಿದ್ರು, ಇನ್ನೊಬ್ಬರು ಅಳೆದ್ರು. ಬ್ಯಾಟರಿಯಲ್ಲಿ 11.8 ವೋಲ್ಟ್. ಪಾಸಿಟಿವ್ ಕೇಬಲ್ಲಿನಲ್ಲಿ ಕಳೆದಿದ್ದು 0.3. ಸ್ಟಾರ್ಟರಿಗೆ ಸಿಕ್ಕಿದ್ದು 5. ಬಾಕಿ 6.5 ವೋಲ್ಟ್ ಎಂಜಿನ್ ಬ್ಲಾಕಿಗೂ ಬ್ಯಾಟರಿ ನೆಗೆಟಿವ್‌ಗೂ ಮಧ್ಯೆ! ಅಲ್ಲಿ ಅರ್ಧ ವೋಲ್ಟ್ ಕಳೆದ್ರೂ ಜಾಸ್ತಿ. ಕಿರ್ಚಾಫ್ ಲೆಕ್ಕ ಅಲ್ಲೇ, ಗ್ರೀಸ್ ಕೈಯಲ್ಲೇ ತಾಳೆ ಆಯ್ತು.

ಹಾಗಾದ್ರೆ ಮೀಟರ್ ಬೀಪ್ ಅಂದಿದ್ದು ಯಾಕೆ? ಬೀಪ್ ಬರೋಕೆ ಚೂರೇ ಚೂರು ಕರೆಂಟ್ ಸಾಕು. ಸ್ಟಾರ್ಟರಿಗೆ ಬೇಕಾಗೋದು ನೂರು ಆಂಪ್ ಲೆಕ್ಕದಲ್ಲಿ. 0.05 ಓಮ್ ಮೀಟರಿನ ಕಣ್ಣಿಗೇ ಬೀಳಲ್ಲ, ಆದ್ರೆ 100 ಆಂಪ್ ಹರಿದ್ರೆ ಅದೇ 5 ವೋಲ್ಟ್ ನುಂಗುತ್ತೆ. ಹಾಗಾಗಿ ಅಳೆಯೋದಿದ್ರೆ ಲೋಡ್ ಇರುವಾಗಲೇ ಅಳೀಬೇಕು.

ಜಂಪರ್ ಕೇಬಲ್ಲನ್ನ ಬ್ಯಾಟರಿ ನೆಗೆಟಿವ್‌ನಿಂದ ನೇರ ಸ್ಟಾರ್ಟರಿನ ಮೈಗೆ ಕೊಟ್ವಿ. ಎಂಜಿನ್ ತಿರುಗೇಬಿಡ್ತು. ಅರ್ಥ್ ಬೋಲ್ಟ್ ಬಿಚ್ಚಿ, ಕೆಳಗಿದ್ದ ಕಪ್ಪು ಪೇಂಟನ್ನ ಲೋಹ ಹೊಳೆಯೋವರೆಗೂ ಎಮರಿ ಪೇಪರಿನಲ್ಲಿ ಉಜ್ಜಿ ಮತ್ತೆ ಬಿಗಿದ್ವಿ. ಈಗ ಅದೇ ಜಾಗದಲ್ಲಿ 0.2 ವೋಲ್ಟ್.

ಶೆಡ್ಡಿನಿಂದ ಗಾಡಿ ಹೊರಗೆ ತಂದಿದ್ದು ಸರ್. ಕಾಲೇಜಿಗೆ ಒಂದು ಸುತ್ತು ಹೊಡೆದು ಬಂದು ಕೀ ನಮ್ಮ ಕೈಗಿಟ್ರು. ಈಗ ಗಾಡಿ ಲ್ಯಾಬಿನ ಮುಂದಿದೆ. ಅದನ್ನ ನೋಡೋಕೆ ಬರೋ ಫಸ್ಟ್ ಇಯರ್‌ನವರ ಕೈಗೆ ಮೀಟರ್ ಕೊಡೋ ಮುಂಚೆ, ಕರೆಂಟಿನ ಮನೆ ಯಾವುದು ಅಂತ ಕೇಳ್ತೀವಿ.