ಕಂತು ತೀರಿದ ಗಾಡಿ, ಚಿಗರಿಯ ದಾರಿ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರು. ಉಣಕಲ್ ಕೆರೆ, ನವನಗರ, ರಾಯಾಪುರ, ಸತ್ತೂರು, ಪೇರಲಕ್ಕೆ ಹೆಸರಾದ ನವಲೂರು ದಾಟಿದರೆ ಊರು ಬಂತೆಂದೇ ಲೆಕ್ಕ. ಈ ದಾರಿಯಲ್ಲಿ ಕಾಲೇಜಿಗೆ ಓಡಾಡುವ ಮಕ್ಕಳಿರುವ ಮನೆಗಳಲ್ಲಿ ಒಂದು ವಾದ ಇದ್ದದ್ದೇ: ಕಂತು ತೀರಿದ ಹಳೆಯ ಮೋಟರ್ ಸೈಕಲ್ ಸಾಕೋ, ಹೊಸದು ಬೇಕೋ?

‘ಸಾಲ ಮುಗದೈತಿ, ಇನ್ನ ಗಾಡಿ ನಮ್ದು’ ಎಂಬುದು ಅಪ್ಪನ ಮಾತು. ಮಗನದೂ ಬರೀ ಷೋಕಿಯಲ್ಲ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ, ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರ ಹಿಡಿಯುವ ಇಲ್ಲವೆ ಚಕ್ರ ಕಚ್ಚಿ ಜಾರದಂತೆ ತಡೆಯುವ ಏರ್ಪಾಡು ಕಡ್ಡಾಯ. ಇಲ್ಲಿಯ ಮಳೆಗಾಲದಲ್ಲಿ ಅದು ಸಣ್ಣ ಮಾತಲ್ಲ. ಮೇಲಾಗಿ, ಹಳೆಯದಕ್ಕೆ 15 ವರ್ಷ ತುಂಬಿದರೆ ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಪಾಸಾದರೆ ಮತ್ತೆ 5 ವರ್ಷ.

ಆದರೆ ಇದೇ ದಾರಿಯಲ್ಲಿ 2018ರಲ್ಲಿ ಚಿಗರಿ ಬಸ್ಸು ಓಡತೊಡಗಿತು. ದಿನದ 40 ಕಿಲೋಮೀಟರನ್ನು ಅದಕ್ಕೆ ಬಿಟ್ಟರೆ ಗಾಡಿಗೆ ಉಳಿಯುವುದು ಮನೆಯಿಂದ ನಿಲ್ದಾಣ, ಸಂಜೆಯ ಸಂತೆ. ಅಷ್ಟಕ್ಕೆ ಹೊಸ ಬ್ರೇಕ್ ಶೂ, ಹೊಸ ಟೈರು, ಎರಡು ಒಳ್ಳೆಯ ಹೆಲ್ಮೆಟ್ಟು ಸಾಕು. ಕಂತಿನ ದುಡ್ಡು ಕಾಲೇಜು ಫೀಸಿಗಾದೀತು. ಚಿಗರಿ ಮುಟ್ಟದ ಹಳ್ಳಿಯಿಂದ ಕತ್ತಲಲ್ಲಿ ಬಂದುಹೋಗುವವರ ಲೆಕ್ಕ ಬೇರೆ. ಅಲ್ಲಿ ಮಗ ಹೇಳಿದ್ದೇ ಸರಿ.