ಹೊಳೆಯಿಲ್ಲದ ಸೀಮೆಯಲ್ಲಿ ಕನ್ನಡ ಪಾಠ

ಕೋಲಾರಕ್ಕೆ ಹೋಗೋಣ ಅಂದ ಕೂಡಲೇ ನನ್ನ ವಿದ್ಯಾರ್ಥಿಗಳು ಒಕ್ಕೊರಲಿನಿಂದ ‘ಕೆಜಿಎಫ್!’ ಎಂದರು. ಸಿನಿಮಾ ಮಾಡಿದ ಉಪಕಾರ ಅಷ್ಟು. ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ನಾವು ಹೋಗುತ್ತಿರುವುದು ಅಲ್ಲಿಗಲ್ಲ ಎಂದು ಹೇಳಿದಾಗ ಮುಖಗಳು ಸ್ವಲ್ಪ ಬಾಡಿದವು. ಇವರೆಲ್ಲ ವೈಟ್‌ಫೀಲ್ಡ್ ಕಡೆಯ ಕಂಪನಿಗಳಲ್ಲಿ ದುಡಿಯುವವರು, ಭಾನುವಾರ ನನ್ನ ಹತ್ತಿರ ಕನ್ನಡ ಕಲಿಯುತ್ತಾರೆ. ಪಾಠದ ಪುಸ್ತಕದಲ್ಲಿ ‘ನಮ್ಮ ನಾಡು’ ಎಂಬ ಅಧ್ಯಾಯ ಬಂದಿತ್ತು. ರಾಜಧಾನಿ, ನದಿಗಳು, ಬೆಳೆಗಳು, ಮುಖ್ಯ ಪಟ್ಟಣಗಳು, ಗಡಿಗಳು. ಓದಿಸಿದರೆ ಆಕಳಿಕೆ. ಒಂದು ವಾರಾಂತ್ಯದಲ್ಲಿ ಕಣ್ಣಿಗೆ ಹಿಡಿಯುವಷ್ಟು ಚಿಕ್ಕ ನಾಡೊಂದನ್ನು ತೋರಿಸೋಣ ಎನಿಸಿತು. ಹಳೆಯ ರಾಜಧಾನಿ, ಗಡಿ, ಯುದ್ಧಭೂಮಿ, ಸಂತೆ, ಸಂತರು, ಜಗಳಗಳು, ನಾಲ್ಕು ಭಾಷೆ ಎಲ್ಲ ಇರಬೇಕು. ಕೋಲಾರ ಸೀಮೆಯಲ್ಲಿ ಇವೆಲ್ಲ ಇವೆ, ಹೊಳೆಯೊಂದು ಬಿಟ್ಟು.

ಜೂನ್ ತಿಂಗಳ ಬೆಳಗ್ಗೆ ಟಿಟಿ ಗಾಡಿ ಹೊಸಕೋಟೆ ದಾಟಿ ಮಾಲೂರಿನ ಕಡೆ ತಿರುಗಿದಾಗ ಪಟ್ನಾದ ಹುಡುಗ ಕೇಳಿದ ಮೊದಲ ಪ್ರಶ್ನೆಯೇ ಅದು. “ಸರ್, ನದಿ ಎಲ್ಲಿ?” ಗಂಗೆಯ ದಡದಲ್ಲಿ ಹುಟ್ಟಿದವನಿಗೆ ಊರೆಂದರೆ ಮೊದಲು ನದಿ. ನಾನು ನಕ್ಷೆ ಬಿಡಿಸಿದೆ. ಇದು ಮೈಸೂರು ಪ್ರಸ್ಥಭೂಮಿಯ ಮೂಡಣ ಅಂಚು, ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ. ಮನೆಯ ಸೂರಿನ ಹಾಗೆ ಇಲ್ಲಿ ಬಿದ್ದ ಮಳೆ ನಿಲ್ಲದೆ ಬೇರೆಯವರ ಅಂಗಳಕ್ಕೆ ಇಳಿಯುತ್ತದೆ. ಮಾಲೂರಿನ ಪಶ್ಚಿಮದ ಅಂಚಿನ ನೀರು ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡಿನ ಕಡಲೂರಿಗೆ. ನಡುವಿನದು ಪಾಲಾರ್ ಸೇರಿ ವೆಲ್ಲೂರಿನ ಮೇಲೆ ಹಾದು ಬಂಗಾಳ ಕೊಲ್ಲಿಗೆ. ಶ್ರೀನಿವಾಸಪುರದ ಉತ್ತರದ ಇಳಿಜಾರಿನದು ಪಾಪಾಘ್ನಿಗೆ, ಅಲ್ಲಿಂದ ಪೆನ್ನಾರ್‌ಗೆ, ನೆಲ್ಲೂರಿಗೆ. ಹಾಗೆ ಹೊಳೆಯೇ ಇಲ್ಲವೆನ್ನುವುದು ಪೂರ್ತಿ ನಿಜವಲ್ಲ. ಇರುವ ಹೊಳೆಗಳಲ್ಲಿ ವರ್ಷದ ಬಹುಪಾಲು ಮರಳೇ ಹರಿಯುತ್ತದೆ. ಗಾಡಿಯಲ್ಲಿ ನೆಲ್ಲೂರಿನ ಹುಡುಗನೊಬ್ಬ, ವೆಲ್ಲೂರಿನ ಹೆಣ್ಣುಮಗಳೊಬ್ಬಳು ಇದ್ದರು. “ಹಾಗಾದ್ರೆ ನಾವಿಬ್ಬರೂ ನಿಮ್ಮ ನೀರು ಕುಡಿದವರು ಸರ್” ಎಂದಳು ಆಕೆ, ಸರಿಯಾದ ವಿಭಕ್ತಿಯಲ್ಲಿ. ನನಗೆ ಭೂಗೋಳಕ್ಕಿಂತ ಆ ವಿಭಕ್ತಿಯೇ ಸಂತೋಷ ಕೊಟ್ಟಿತು.

ಮಾಲೂರು ಇಟ್ಟಿಗೆ, ಹೆಂಚು, ಹೂವು, ತರಕಾರಿಯ ಊರು. 1864ರಿಂದ ಬೆಂಗಳೂರು–ಜೋಲಾರಪೇಟೆ ರೈಲುದಾರಿ ಇದರ ಪಕ್ಕದಲ್ಲೇ ಇದೆ. ರಾಜಧಾನಿಯ ಗೋಡೆಗಳಿಗೆ ಇಟ್ಟಿಗೆ, ರಾಜಧಾನಿಯ ದೇವರುಗಳಿಗೆ ಗುಲಾಬಿ ಇಲ್ಲಿಂದ ಹೋಗುತ್ತವೆ. ಇಕ್ಕೆಲದಲ್ಲೂ ನೀಲಗಿರಿ ತೋಪುಗಳು. ಈ ಮರ ನೆಲದ ನೀರನ್ನು ಹೀರಿತು ಎಂಬ ದೂರು ಬೆಳೆದು 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ನೆಟ್ಟದ್ದು ಮಾತ್ರ ಕಡಿದಷ್ಟೂ ಚಿಗುರುತ್ತಿದೆ.

ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಹೊತ್ತು ಕಳೆದದ್ದು ಗೊತ್ತಾಗಲಿಲ್ಲ. ಊರಿಗೆ ಊರೇ ಶಿಲ್ಪಿಗಳದ್ದು. ಜಗಲಿಗಳಲ್ಲಿ ಉಳಿಯ ಸದ್ದು, ಈಗ ಅದರ ಜೊತೆ ಕಲ್ಲು ಕೊಯ್ಯುವ ಯಂತ್ರದ ಕಿರುಚಾಟ, ಮೈಮೇಲೆಲ್ಲ ಬೂದಿಬಣ್ಣದ ಧೂಳು. ಕಲ್ಲಿನವರು ಒಂದು ಕಡೆ, ಲೋಹದ ಎರಕದವರು ಇನ್ನೊಂದು ಕಡೆ. ಒಂದು ಅಂಗಳದಲ್ಲಿ ಗಣಪತಿ, ವೆಂಕಟೇಶ್ವರ, ಅಂಬೇಡ್ಕರ್, ಯಾರದೋ ಮನೆಯ ಹಿರಿಯರು ಎಲ್ಲ ಸಾಲಾಗಿ ನಿಂತಿದ್ದರು. ದೇವರಿಗೆ ಕಣ್ಣು ಬಿಡಿಸುವುದು ಕೊನೆಗೆ ಎಂದು ಹಿರಿಯ ಶಿಲ್ಪಿಯೊಬ್ಬರು ಹೇಳಿದರು. “ಕಣ್ಣು ಬಿಡಿಸಿದ್ಮೇಲೆ ಅದು ನಮ್ದಲ್ಲ ಸಾಮಿ, ಕೊಂಡವರ್ದು.” ಪಟ್ನಾದವನು ‘ಬಿಡಿಸು’ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಂಡ. ಹೂವು ಬಿಡಿಸುವುದು, ಚಿತ್ರ ಬಿಡಿಸುವುದು ಎಂದೆಲ್ಲ ಅವನಿಗೆ ಹೇಳಿ ತಲೆ ಕೆಡಿಸುವ ಆಸೆಯಾಯಿತು, ತಡೆದುಕೊಂಡೆ.

ದಾರಿಯಲ್ಲಿ ಮಾಸ್ತಿಯವರ ಕಥೆ ಹೇಳಿದೆ. ಮಾಸ್ತಿ ಎಂಬ ಊರು ಇದೇ ತಾಲ್ಲೂಕಿನದು. 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು, ಬರೆದದ್ದು ಕನ್ನಡ, ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ. ವೆಲ್ಲೂರಿನಾಕೆಗೆ ಇದು ಬಹಳ ಧೈರ್ಯ ಕೊಟ್ಟಿತು. ಕಲಿಯುವವರಿಗೆ ವ್ಯಾಕರಣಕ್ಕಿಂತ ಮೊದಲು ಇಂಥ ಸುದ್ದಿ ಹೇಳಬೇಕು.

ನರಸಾಪುರದ ಹತ್ತಿರ ಹೆದ್ದಾರಿ ಸೇರಿದಾಗ ಸ್ಕೂಟರ್ ಕಾರ್ಖಾನೆ, ಐಫೋನ್ ಜೋಡಿಸುವ ಕಾರ್ಖಾನೆ, ಹೆಣ್ಣುಮಕ್ಕಳನ್ನು ತುಂಬಿಕೊಂಡು ಸಾಗುವ ಬಸ್ಸುಗಳು. ಅದೇ ಬಯಲಲ್ಲಿ ಲಕ್ಷ್ಮೀಸಾಗರ ಕೆರೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಸಂಸ್ಕರಿಸಿ ಕೊಳವೆಯಲ್ಲಿ ತಂದು ಮೊದಲು ಸುರಿದದ್ದು ಈ ಕೆರೆಗೇ. ದಿನಕ್ಕೆ 440 ದಶಲಕ್ಷ ಲೀಟರ್ ತರುವ, ನೂರಕ್ಕೂ ಹೆಚ್ಚು ಕೆರೆ ತುಂಬಿಸುವ ಯೋಜನೆ. ಊರವರು ಕೆ.ಸಿ. ವ್ಯಾಲಿ ನೀರು ಎನ್ನುತ್ತಾರೆ. ಬಂದ ಹೊಸದರಲ್ಲೇ ನೊರೆ ಕಾಣಿಸಿ ಹೈಕೋರ್ಟ್ ತಡೆಯಾಜ್ಞೆಯೂ ಆಯಿತು, ಮತ್ತೆ ಹರಿಯಿತು. ಮೂರನೇ ಹಂತದ ಸಂಸ್ಕರಣೆ ಆಗಲೇಬೇಕು ಎಂದು ಹೋರಾಟಗಾರರು ಇಂದಿಗೂ ಹೇಳುತ್ತಿದ್ದಾರೆ. ಸಾವಿರ ಅಡಿ ಮೀರಿ ಕೊರೆದರೂ ಫ್ಲೋರೈಡ್ ನೀರೇ ಸಿಗುತ್ತಿದ್ದ ಕಡೆ, ಬತ್ತಿದ್ದ ಬಾವಿಗಳಲ್ಲಿ ಮತ್ತೆ ನೀರು ಕಂಡ ರೈತನ ಮುಂದೆ ನಿಂತು ಆ ವಾದ ಹೇಳುವುದು ಕಷ್ಟ. ಆದರೂ ವಾದ ಸರಿಯಾಗಿಯೇ ಇದೆ. ನನ್ನ ವಿದ್ಯಾರ್ಥಿಗಳು ಸುಮ್ಮನೆ ಕೆರೆ ನೋಡುತ್ತಿದ್ದರು; ಅವರ ಅಪಾರ್ಟ್‌ಮೆಂಟಿನ ಸ್ನಾನದ ಮನೆಯ ನೀರೂ ಅದರೊಳಗೆ ಇರಬಹುದು.

ಕೋಲಾರದ ಹಳೆಯ ಹೆಸರು ಕುವಲಾಲ. 4ನೇ ಶತಮಾನದಲ್ಲಿ ಕೊಂಗುಣಿವರ್ಮ ಗಂಗರ ರಾಜ್ಯ ಕಟ್ಟಿದ್ದು ಇಲ್ಲಿಂದ. ಆಮೇಲೆ ರಾಜಧಾನಿ ಕಾವೇರಿ ದಡದ ತಲಕಾಡಿಗೆ ಹೋಯಿತು. ಹೊಳೆ ಬೇಕೆನಿಸಿತೋ ಏನೋ! ಹೋದಮೇಲೂ ಗಂಗ ಅರಸರು ಕುವಲಾಲಪುರದ ಒಡೆಯರೆಂಬ ಬಿರುದನ್ನು ಮಾತ್ರ ಬಿಡಲಿಲ್ಲ. 11ನೇ ಶತಮಾನದ ಹೊತ್ತಿಗೆ ಈ ಸೀಮೆ ಚೋಳರ ಕೈಗೆ ಬಂದು ‘ನಿಗರಿಲಿ ಚೋಳಮಂಡಲ’ವಾಯಿತು. ಕೋಲಾರಮ್ಮನ ಗುಡಿಯ ಗೋಡೆ ತುಂಬ ಆ ಕಾಲದ ತಮಿಳು ಶಾಸನಗಳು. ವೆಲ್ಲೂರಿನಾಕೆ ಬೆರಳಿಟ್ಟು ಒಂದೆರಡು ಅಕ್ಷರ ಹಿಡಿದಳು, ಮುಂದೆ ಸಾಗಲಿಲ್ಲ. ಪಕ್ಕದ ಗುಡಿಯ ಚೇಳಮ್ಮನಿಗೆ ನಡೆದುಕೊಂಡರೆ ಚೇಳು ಕಚ್ಚುವುದಿಲ್ಲ ಎಂಬುದು ಇಲ್ಲಿಯ ನಂಬಿಕೆ. ಬಂಡೆಯ ಊರು, ಚೇಳಿಗೊಬ್ಬಳು ದೇವಿ ಇರಲೇಬೇಕು.

ವಿಜಯನಗರ ಕಾಲದ ಸೋಮೇಶ್ವರ ಗುಡಿಯ ಕಲ್ಯಾಣಮಂಟಪದ ಕಂಬಗಳು ಕೋಲಾರಮ್ಮನ ಗುಡಿಗಿಂತ ಚೆನ್ನ. ಜನ ಮಾತ್ರ ಅಮ್ಮನ ಹತ್ತಿರವೇ ಹೆಚ್ಚು. ಊರಿನಲ್ಲೇ ಹೈದರಾಲಿಯ ತಂದೆ ಫತೇ ಮಹಮ್ಮದನ ಮಕ್ಬರಾ ಇದೆ. ಹೈದರ್ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಅವನು ತೀರಿಕೊಂಡಾಗ ದೇಹವನ್ನು ಮೊದಲು ತಂದದ್ದು ತಂದೆಯ ಈ ಗೋರಿಯ ಬಳಿಗೆ, ಆಮೇಲೆ ಶ್ರೀರಂಗಪಟ್ಟಣಕ್ಕೆ.

ಸಂಜೆ ಅಂತರಗಂಗೆಯ ಮೆಟ್ಟಿಲು ಹತ್ತಿದೆವು. ಶತಶೃಂಗ ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದೆ. ಕಾಶಿಯ ಗಂಗೆಯೇ ಒಳದಾರಿಯಲ್ಲಿ ಬಂದಿದ್ದಾಳೆ ಎನ್ನುತ್ತಾರೆ. ಪಟ್ನಾದವನು ಬೊಗಸೆಯಲ್ಲಿ ಹಿಡಿದು ಕುಡಿದು, “ನಮ್ಮ ಗಂಗೆಗಿಂತ ಕ್ಲೀನ್” ಎಂದ. ಆ ಬೆಟ್ಟದ ಮೇಲಿನ ತೇರಹಳ್ಳಿಯ ‘ಆದಿಮ’ದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಆರಂಭಿಸಿದ ಹುಣ್ಣಿಮೆ ಹಾಡಿನ ಬಗ್ಗೆ ಹೇಳಿದೆ. ಅಂದು ಹುಣ್ಣಿಮೆಯಲ್ಲ, ಬೆಟ್ಟ ಇಳಿದೆವು.

ಬೆಳಗ್ಗೆ ಎಪಿಎಂಸಿಯ ಟೊಮೆಟೊ ಮಂಡಿ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಇದೊಂದು. 15 ಕೆ.ಜಿ.ಯ ಬಾಕ್ಸುಗಳ ಗೋಡೆಗಳ ನಡುವೆ ಹರಾಜು ಕೂಗುವವನ ಬಾಯಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಉಸಿರಿಗೆ ಬರುತ್ತವೆ. ಅಂಕಿ ಕಲಿಸಲು ಇದಕ್ಕಿಂತ ಒಳ್ಳೆಯ ತರಗತಿಯಿಲ್ಲ, ವೇಗವೊಂದೇ ಕಷ್ಟ. 2023ರ ಜುಲೈಯಲ್ಲಿ ಒಂದು ಬಾಕ್ಸು 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷಗಳಲ್ಲಿ ರಸ್ತೆಬದಿಗೆ ಸುರಿದದ್ದನ್ನೂ ಕಂಡ ಜನ ಇವರು. “ಇದು ಜೂಜು ಸಾ, ಬೇಸಾಯ ಅಲ್ಲ. ಹಾಲು ಹಾಕ್ತೀವಲ್ಲ ಡೇರಿಗೆ, ಅದ್ರಲ್ಲಿ ಮನೆ ನಡೀತದೆ” ಎಂದರು ಬಾಕ್ಸಿನ ಮೇಲೆ ಕೂತಿದ್ದ ರೈತರೊಬ್ಬರು.

ಶ್ರೀನಿವಾಸಪುರದ ದಾರಿಯಲ್ಲಿ ಬಂಡೆಗಳು ಹಿಂದೆ ಸರಿದು ಮಾವಿನ ತೋಪುಗಳು ಶುರುವಾಗುತ್ತವೆ. ಪಾಪನಪಲ್ಲಿ ಎಂಬ ಊರಿಗೆ ದಿವಾನ್ ಪೂರ್ಣಯ್ಯ ತನ್ನ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟ. ಹಿಂದೆ ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿಯ ಮೇಲೆ ಪುಟ್ಟ ನ್ಯಾರೋಗೇಜ್ ರೈಲು ಓಡುತ್ತಿತ್ತು, ಈಗ ಬ್ರಾಡ್‌ಗೇಜ್. ಮಂಡಿಗಳ ಮುಂದೆ ಟ್ರ್ಯಾಕ್ಟರುಗಳ ಸಾಲು. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ಸೇಂದೂರ, ನೀಲಂ. ರಾಶಿಯಲ್ಲಿ ಮಾತ್ರ ತೋತಾಪುರಿಯೇ ಮೇಲು. ಬಾದಾಮಿ ತಿನ್ನುವವರಿಗೆ, ತೋತಾಪುರಿ ಕಾರ್ಖಾನೆಗೆ. ಅದರ ತಿರುಳು ತೆಗೆಯುವ ಕಾರ್ಖಾನೆಗಳು ಹೆಚ್ಚಾಗಿ ಗಡಿಯಾಚೆ ಚಿತ್ತೂರಿನಲ್ಲಿವೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ತಡೆ ಹಾಕಿದಾಗ ಶ್ರೀನಿವಾಸಪುರ ಬಂದ್ ಆಯಿತು, ಮುಖ್ಯಮಂತ್ರಿ ಮುಖ್ಯಮಂತ್ರಿಗೆ ಪತ್ರ ಬರೆದರು. ಇಷ್ಟು ಮಾವು ಬೆಳೆಯುವ ಊರಿನಲ್ಲೇ ಸಾಕಷ್ಟು ತಿರುಳಿನ ಕಾರ್ಖಾನೆ ಆಗದಿರುವುದು ನನಗೆ ಇಂದಿಗೂ ಬಿಡಿಸಲಾಗದ ಒಗಟು.

ಇಲ್ಲಿ ನನ್ನ ತರಗತಿ ಕೈಕೊಟ್ಟಿತು. ನೆಲ್ಲೂರಿನ ಹುಡುಗ ವಾರಗಟ್ಟಲೆ ಅಭ್ಯಾಸ ಮಾಡಿದ್ದ “ಇದರ ಬೆಲೆ ಎಷ್ಟು?” ಎಂಬ ವಾಕ್ಯವನ್ನು ಬಹಳ ಜಾಗ್ರತೆಯಿಂದ ಹೇಳಿದ. ಅಂಗಡಿಯ ಅಮ್ಮ ಅವನ ಉಚ್ಚಾರದಲ್ಲೇ ಊರು ಹಿಡಿದು, “ಎನ್ನಿ ಕಿಲೋಲು ಕಾವಾಲಪ್ಪಾ?” ಎಂದು ತೆಲುಗಿನಲ್ಲೇ ಕೇಳಿದರು. ಮಿಕ್ಕವರೆಲ್ಲ ನಕ್ಕರು. ಅವನು ಬಿಡಲಿಲ್ಲ, ಆಕೆ ತೆಲುಗು, ಇವನು ಕನ್ನಡ, ವ್ಯಾಪಾರ ಹಾಗೆಯೇ ಮುಗಿಯಿತು. ಹಣ ಎಣಿಸುವಾಗ ಆಕೆ ಕನ್ನಡಕ್ಕೆ ಬಂದರು.

ಮುಳಬಾಗಿಲು ಮೂಡಣ ಬಾಗಿಲು, ಹೆಸರೇ ಹೇಳುತ್ತದೆ. ಊರ ತುಂಬ ಹೆಬ್ಬಂಡೆಗಳು. ವಿಜಯನಗರದ ಬುಕ್ಕನ ಮಗ ಕುಮಾರ ಕಂಪಣ ಇಲ್ಲಿಂದ ಆಳಿದ. ಮಧುರೆಯ ಮೇಲೆ ಅವನು ನಡೆಸಿದ ದಂಡಯಾತ್ರೆಯನ್ನು ಹೆಂಡತಿ ಗಂಗಾದೇವಿ ಸಂಸ್ಕೃತದಲ್ಲಿ ಕಾವ್ಯವಾಗಿಸಿದಳು. 1768ರ ಅಕ್ಟೋಬರ್‌ನಲ್ಲಿ ಹೈದರನ ಸೈನ್ಯ ಇಂಗ್ಲಿಷರ ಕರ್ನಲ್ ವುಡ್‌ನನ್ನು ಈ ಬಂಡೆಗಳ ನಡುವೆ ಸಿಕ್ಕಿಸಿಕೊಂಡಾಗ, ಕ್ಯಾಪ್ಟನ್ ಬ್ರೂಕ್ ಗಾಯಾಳುಗಳನ್ನೇ ಕಟ್ಟಿಕೊಂಡು ಬಂಡೆಯ ಮೇಲೆ ಎರಡು ಫಿರಂಗಿ ಏರಿಸಿ “ಸ್ಮಿತ್! ಸ್ಮಿತ್!” ಎಂದು ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯವೇ ಬಂತೆಂದು ಹೈದರನ ಕಡೆಯವರು ಹಿಂದೆ ಸರಿದರು. ಚರಿತ್ರೆಯ ಪಾಠದಲ್ಲಿ ಇದಕ್ಕಿಂತ ಹೆಚ್ಚು ಗಮನವಿಟ್ಟು ಅವರು ಕೇಳಿದ್ದು ನನಗೆ ನೆನಪಿಲ್ಲ.

ಊರಾಚೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ. ಕನ್ನಡದಲ್ಲಿ ದೇವರನಾಮ ಹಾಡುವ ದಾರಿ ಹಾಕಿದ ಹಿರಿಯರಲ್ಲಿ ಅವರೊಬ್ಬರು, ‘ರಂಗವಿಠಲ’ ಅವರ ಅಂಕಿತ; ವ್ಯಾಸರಾಯರು ಓದಿದ್ದು ಅವರ ಬಳಿ. ಊರೊಳಗೆ ಬಾಬಾ ಹೈದರ್ ವಲಿ ದರ್ಗಾ. 1887ರಲ್ಲಿ ಡಿ.ವಿ. ಗುಂಡಪ್ಪನವರು ಹುಟ್ಟಿದ್ದೂ ಈ ಊರಿನಲ್ಲೇ. ದೋಸೆಯ ವಿಷಯ ಹೇಳದಿದ್ದರೆ ಮುಳಬಾಗಿಲಿನವರು ಕ್ಷಮಿಸುವುದಿಲ್ಲ: ದಪ್ಪ, ಅಂಚು ಗರಿಗರಿ, ನಡು ಮೆತ್ತಗೆ, ತುಪ್ಪಕ್ಕೆ ಲೆಕ್ಕವಿಲ್ಲ. ಬೆಂಗಳೂರಿನಲ್ಲಿ ಆ ಹೆಸರಿನಲ್ಲಿ ಕೊಡುವುದನ್ನು ಇನ್ನು ಮುಂದೆ ತಿನ್ನುವುದಿಲ್ಲವೆಂದು ಇಬ್ಬರು ಶಪಥ ಮಾಡಿದರು.

ಕುರುಡುಮಲೆಯಲ್ಲಿ ಹದಿಮೂರಡಿಗೂ ಮಿಗಿಲಾದ ಏಕಶಿಲಾ ಗಣಪತಿ. ಹತ್ತಿರದ ಸೋಮೇಶ್ವರ ಗುಡಿಯ ಅರ್ಧವನ್ನು ಜಕಣಾಚಾರಿ, ಇನ್ನರ್ಧವನ್ನು ಮಗ ಡಂಕಣಾಚಾರಿ ಕೆತ್ತಿದರೆಂದು ಅರ್ಚಕರು ಎರಡು ಕೆಲಸದ ವ್ಯತ್ಯಾಸ ತೋರಿಸಿದರು. ಮಗನ ಕಡೆಯೇ ನನಗೆ ಹಿಡಿಸಿತು.

ಆವಣಿಗೆ ಹೋದಾಗ ಬಿಸಿಲು ಇಳಿದಿತ್ತು. ಸೀತೆ ಲವಕುಶರನ್ನು ಹೆತ್ತ ಬೆಟ್ಟವೆಂದು ಜನ ಇಲ್ಲಿಗೆ ಬರುತ್ತಾರೆ. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳು, ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳು. ನನಗೆ ಆವಣಿಯಲ್ಲಿ ಇಷ್ಟವಾದವನು ಬೇರೆ: 10ನೇ ಶತಮಾನದ ಯತಿ ತ್ರಿಭುವನಕರ್ತಾರ. ನಲವತ್ತು ವರ್ಷ ಈ ಸ್ಥಾನವನ್ನು ಆಳಿ ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಈ ಸೀಮೆಯಲ್ಲಿ ಅರಸನಿರಲಿ, ಸನ್ಯಾಸಿಯಿರಲಿ, ದೊಡ್ಡವನೆನಿಸಿಕೊಳ್ಳಲು ಕೆರೆ ಕಟ್ಟಿಸಲೇಬೇಕಿತ್ತು. ಹೊಳೆಯಿದ್ದ ನಾಡಿನ ಅರಸರಿಗೆ ಈ ಪರೀಕ್ಷೆ ಇರಲಿಲ್ಲ. ಬಿದ್ದ ಮಳೆಯನ್ನು ಊರು ಬಿಡುವ ಮುನ್ನ ಅಡ್ಡಗಟ್ಟಿ ನಿಲ್ಲಿಸಿಕೊಳ್ಳುವುದು, ಒಂದು ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆ ಹಿಡಿದುಕೊಳ್ಳುವುದು, ಇದೇ ಇಲ್ಲಿಯ ರಾಜನೀತಿ. ರಾಜಕಾಲುವೆ ಮುಚ್ಚಿ ಸೈಟು ಮಾಡಿದ ನಮ್ಮ ಕಾಲ ಮರೆತದ್ದೂ ಇದನ್ನೇ.

ಪಟ್ನಾದವನು ಮೊದಲ ದಿನದ ಪ್ರಶ್ನೆಗೆ ತಾನೇ ಉತ್ತರ ಬರೆದು ತೋರಿಸಿದ: “ಕೋಲಾರದಲ್ಲಿ ನದಿ ಇಲ್ಲ. ಆದ್ದರಿಂದ ಕೆರೆ ಇದ್ದಾವೆ.” ‘ಇದ್ದಾವೆ’ಯನ್ನು ‘ಇವೆ’ ಎಂದು ತಿದ್ದಹೊರಟವನು ಬಿಟ್ಟುಬಿಟ್ಟೆ. ಆ ಎರಡು ದಿನವೂ ಅವನ ಕಿವಿಗೆ ಬಿದ್ದದ್ದು ‘ಇದ್ದಾವೆ’ಯೇ. ನಂಗಲಿಯ ಗಡಿಯವರೆಗೂ ಹೋಗಿ ಬರೋಣವೆಂದು ನೆಲ್ಲೂರಿನ ಹುಡುಗ ಹಟ ಹಿಡಿದ. ಅಲ್ಲಿಂದ ಪಲಮನೇರು, ಚಿತ್ತೂರು, ಅವನ ಸೀಮೆಯ ದಾರಿ. ಚಾಲಕ ಗಡಿಯಾರ ನೋಡಿ, ಹೊಸಕೋಟೆಯ ಟ್ರಾಫಿಕ್ಕಿನ ಹೆಸರು ಹೇಳಿ, ಗಾಡಿಯನ್ನು ಬೆಂಗಳೂರಿನ ಕಡೆ ತಿರುಗಿಸಿದ. ಹಿಂದಿನ ಸೀಟಿನಲ್ಲಿ ರಸಪುರಿ ಹಂಚಿಕೆಯ ಜಗಳ ಶುರುವಾಗಿತ್ತು, ಪೂರ್ತಿ ಕನ್ನಡದಲ್ಲಿ.