ಟರ್ಬೋ ಏರಿಸೋ ಮೊದಲು ಕ್ರ್ಯಾಂಕಿನ ಕಡೆ ನೋಡ್ರಿ



ದಸರಾ ಮುಗೀತು ಅಂದ್ರೆ ನಮ್ಮ ಕಡೆ ಫ್ಯಾಕ್ಟರಿ ಯಾವಾಗ ಚಾಲೂ ಅನ್ನೋದೇ ಮಾತು. ಗ್ಯಾರೇಜಿನ ಮುಂದೆ ಟ್ರ್ಯಾಕ್ಟರ್ ಸಾಲಾಗಿ ನಿಂತಾವ. ಪಂಪ್ ಏರಿಸಬೇಕು, ಟರ್ಬೋ ಬೂಸ್ಟ್ ಹೆಚ್ಚು ಮಾಡಬೇಕು, ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಏರಿನಾಗೂ ಗೇರ್ ಇಳಿಸದೆ ಹೋಗಬೇಕು. ಈ ಕೆಲಸ ಒಂದು ಮಧ್ಯಾಹ್ನದಾಗ ಮುಗಿಯುತ್ತೆ. ಆದ್ರೆ ಆ ಹೆಚ್ಚಿನ ಬಲ ತಡೆಯೋ ಕ್ರ್ಯಾಂಕ್, ಬೇರಿಂಗ್, ಕನೆಕ್ಟಿಂಗ್ ರಾಡ್ ಕೆಳಗೆ ಕತ್ತಲಲ್ಲಿ ಇರ್ತಾವ. ಅವುಗಳನ್ನ ಯಾರೂ ಕೇಳೋದಿಲ್ಲ. ಇವತ್ತಿನ ಬರಹ ಅವುಗಳ ಬಗ್ಗೆ. ಸ್ವಲ್ಪ ಉದ್ದ ಐತಿ, ಪುರುಸೊತ್ತು ಇದ್ದಾಗ ಓದ್ರಿ.

ಹೋದ ವರ್ಷ ಶ್ರಾವಣದಾಗ ಅಣ್ಣನ ಮಗನ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿದೆವು. ನಾಲ್ಕು ಸಿಲಿಂಡರಿನದು, ಕಂಪನಿಯಿಂದಲೇ ಟರ್ಬೋ ಬಂದದ್ದು. ಎಂಜಿನ್ ಬಿಸಿ ಆದ ಮೇಲೆ ಆಯಿಲ್ ಪ್ರೆಶರ್ ಬೀಳ್ತಿತ್ತು. ಅವನ ಲೆಕ್ಕ ಬೇರೆ ಇತ್ತು: "ಕಾಕಾ, ಹೆಂಗೂ ಬಿಚ್ಚೇವಿ. ಪಿಸ್ಟನ್ ಸೆಟ್ ಹಾಕಿ, ಬೂಸ್ಟ್ ಒಂದೂವರೆಗೆ ಏರಿಸಿಬಿಡೂಣು. ಹುಡುಗರೆಲ್ಲ ಓವರ್‌ಟೇಕ್ ಮಾಡಿ ಹೋಗ್ತಾರ." ಗ್ಯಾಂಗಿಗೆ ಅಡ್ವಾನ್ಸ್ ಕೊಟ್ಟಾಗಿತ್ತು, ಮೈಮೇಲೆ ಟ್ರ್ಯಾಕ್ಟರ್ ಕಂತೂ ಇತ್ತು. ಪಕ್ಕದ ಊರಿನ ಒಬ್ಬರ ಟ್ರ್ಯಾಕ್ಟರ್ ಅದಕ್ಕಿಂತ ಹಿಂದಿನ ಸೀಸನ್ನಿನಾಗ ಜನವರಿ ತಿಂಗಳಲ್ಲಿ ಕ್ರ್ಯಾಂಕ್ ಮುರಿದು ನಿಂತಿತ್ತು. ಕಡಿದ ಕಬ್ಬು ಹೊಲದಾಗ ಒಣಗಿತು, ಗ್ಯಾಂಗ್ ಕೂತು ಉಂಡಿತು. ಅದನ್ನ ಇಬ್ಬರೂ ನೋಡಿದ್ದೆವು.

ನಾನು ಅವನಿಗೆ ಬೇಡ ಅನ್ನಲಿಲ್ಲ. "ಮೊದಲು ಲೆಕ್ಕ ಹಾಕೂಣು ಬಾ" ಅಂದೆ.

ಪಿಸ್ಟನ್ ಅಗಲ 100 ಮಿ.ಮೀ. ಅಂದ್ರೆ ಅದರ ತಲೆಯ ಕ್ಷೇತ್ರಫಲ 78.5 ಚದರ ಸೆಂ.ಮೀ. ಡೀಸೆಲ್ ಹೊತ್ತಿದಾಗ ಒಳಗೆ ಒಂದು ಚದರ ಸೆಂ.ಮೀ.ಗೆ 100 ಕೆಜಿ ಒತ್ತಡ ಬರ್ತದ ಅಂತ ಹಿಡೀರಿ. ಒಂದು ಪಿಸ್ಟನ್ ಮೇಲೆ 7850 ಕೆಜಿ. ಇನ್ನು ಬೂಸ್ಟ್. ಅವನ ಟ್ರ್ಯಾಕ್ಟರಿನ ಬೂಸ್ಟ್ ಗೇಜ್‌ನಲ್ಲಿ 0.8 ಬಾರ್ ತೋರಿಸ್ತಿತ್ತು. ಹೊರಗಿನ ಗಾಳಿಯದೇ ಒತ್ತಡ 1 ಬಾರ್ ಇರೋದ್ರಿಂದ ಒಟ್ಟು 1.8. ಗೇಜ್ 1.5ಕ್ಕೆ ಏರಿಸಿದ್ರೆ ಒಟ್ಟು 2.5. ಹೆಚ್ಚು ಕಡಿಮೆ 40 ಪರ್ಸೆಂಟ್ ಏರಿಕೆ. ಗಾಳಿಗೆ ತಕ್ಕಂತೆ ಡೀಸೆಲ್ ಹೆಚ್ಚಿಸಿದ್ರೆ ಹೊಡೆತವೂ ಸುಮಾರು ಅದೇ ಪ್ರಮಾಣದಲ್ಲಿ ಏರಿ 11 ಟನ್ ಹತ್ತಿರ ಹೋಗುತ್ತೆ. ಒಂದು ಟ್ರೇಲರ್ ತುಂಬ ಕಬ್ಬಿನ ತೂಕ ಒಂದೇ ಪಿಸ್ಟನ್ ಮೇಲೆ! ಎಂಜಿನ್ 2000 ಸುತ್ತಿನಲ್ಲಿ ಇದ್ರೆ ಪ್ರತಿ ಪಿಸ್ಟನ್ನಿಗೆ ಸೆಕೆಂಡಿಗೆ 16-17 ಸಲ ಇಂಥ ಏಟು.

ಈ ಏಟನ್ನ ಕೊನೆಗೆ ತಡೆಯೋದು ಯಾವುದು? ಕಬ್ಬಿಣ ಅಲ್ರಿ, ಆಯಿಲ್. ಬೇರಿಂಗ್ ಮತ್ತು ಕ್ರ್ಯಾಂಕಿನ ನಡುವಿನ ಆಯಿಲ್ ಪದರ ಲೋಡ್ ಬಿದ್ದಾಗ ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲೂ ಇರಲ್ಲ. ಆ ಪದರ ಆಯಿಲ್ ಪಂಪಿನ ಒತ್ತಡದಿಂದ ನಿಂತಿಲ್ಲ. ಮಳೆನೀರು ನಿಂತ ಡಾಂಬರ್ ಮೇಲೆ ಜೋರಾಗಿ ಹೋದ್ರೆ ಕಾರಿನ ಟೈರ್ ನೀರಿನ ಮೇಲೆ ತೇಲ್ತದಲ್ಲ, ಹಂಗೆ ತಿರುಗೋ ಕ್ರ್ಯಾಂಕೇ ಆಯಿಲನ್ನ ತನ್ನ ಅಡಿಗೆ ಎಳಕೊಂಡು ಅದರ ಮೇಲೆ ತೇಲುತ್ತೆ. ಪಂಪಿನ ಕೆಲಸ ಆಯಿಲ್ ಕಡಿಮೆ ಆಗದಂಗೆ ಕೊಡ್ತಾ ಇರೋದು ಅಷ್ಟೇ. ಈ ಒಂದು ಮಾತು ತಿಳಿದ್ರೆ ಮುಂದಿನದೆಲ್ಲ ತಾನೇ ತಿಳಿಯುತ್ತೆ. ಅಳತೆ ತಪ್ಪಿದ್ರೆ, ಕಸ ಸೇರಿದ್ರೆ, ಆಯಿಲ್ ತೆಳುವಾದ್ರೆ, ಸುತ್ತು ಕಡಿಮೆ ಇದ್ದಾಗ ಲೋಡ್ ಹೆಚ್ಚಾದ್ರೆ ಆ ಪದರ ಹರಿಯುತ್ತೆ. ಪದರ ಹರಿದ ಮೇಲೆ ಕಬ್ಬಿಣಕ್ಕೆ ಕಬ್ಬಿಣ.

ನಾವು ಮಾಡಿಸಿದ ಕೆಲಸ ಕ್ರಮವಾಗಿ ಹೇಳ್ತೀನಿ.

ಮೊದಲನೇದು, ಹಳೇ ಬೇರಿಂಗ್ ಎಸೆಯಲಿಲ್ಲ. ಯಾವ ಸಿಲಿಂಡರಿನದು, ಮೇಲಿನದೋ ಕೆಳಗಿನದೋ ಅಂತ ಬರೆದು ಸಾಲಾಗಿ ಇಟ್ಟೆವು. ಕನೆಕ್ಟಿಂಗ್ ರಾಡಿನಲ್ಲಿ ಏಟು ಬೀಳೋದು ಮೇಲಿನ ಅರ್ಧ ಬೇರಿಂಗಿಗೆ, ಮೇನ್‌ನಲ್ಲಿ ಕೆಳಗಿನ ಅರ್ಧಕ್ಕೆ. ಗೀರು ಇದ್ರೆ ಆಯಿಲಿನಲ್ಲಿ ಕಸ. ಒಂದೇ ಅಂಚು ಸವೆದಿದ್ರೆ ರಾಡ್ ಬಾಗಿದೆ ಅನ್ನೋ ಸಂಶಯ. ಬೇರಿಂಗಿನ ಬೆನ್ನು ಹೊಳಪಾಗಿದ್ರೆ ಅದು ಮನೆಯಲ್ಲಿ ಗಟ್ಟಿ ಕೂತಿಲ್ಲ. ನಮ್ಮದರಲ್ಲಿ ಮೂರನೇ ರಾಡಿನ ಬೇರಿಂಗ್ ಒಂದೇ ಅಂಚಿಗೆ ಸವೆದಿತ್ತು, ಎರಡನೇ ಮೇನ್‌ನ ಬೆನ್ನು ಹೊಳೀತಿತ್ತು. ಅಳತೆ ಹಿಡಿಯೋ ಮೊದಲೇ ಎಂಜಿನ್ ತನ್ನ ರೋಗ ತಾನೇ ಹೇಳಿತು.

ಎರಡನೇದು ಕ್ರ್ಯಾಂಕ್. ಗ್ರೈಂಡ್ ಮಾಡೋ ಮೊದಲು ಕ್ರ್ಯಾಕ್ ಟೆಸ್ಟ್. ಕ್ರ್ಯಾಂಕನ್ನ ಅಯಸ್ಕಾಂತ ಮಾಡಿ ಕಬ್ಬಿಣದ ಪುಡಿ ಬೆರೆಸಿದ ದ್ರವ ಸುರೀತಾರ. ಕಣ್ಣಿಗೆ ಕಾಣದ ಬಿರುಕು ಇದ್ರೆ ಪುಡಿ ಅಲ್ಲೇ ಗೆರೆ ಎಳೆದಂಗೆ ಕೂಡ್ತದ. ಈ ಟೆಸ್ಟ್ ಎಲ್ಲ ಅಂಗಡಿಯಲ್ಲಿ ಇಲ್ಲ, ದೊಡ್ಡ ಪ್ಯಾಟಿಗೆ ಒಯ್ಯಬೇಕಾಯ್ತು. ಕೊಟ್ಟ ದುಡ್ಡು ಒಂದು ಟ್ಯಾಂಕ್ ಡೀಸೆಲ್ಲಿಗಿಂತ ಕಡಿಮೆ. ಬಿರುಕು ಇರಲಿಲ್ಲ. ಹಿಂದೆ ಒಮ್ಮೆ 0.25 ತೆಗೆದಿದ್ದರು, ಈಗ 0.50ಕ್ಕೆ ಬಂತು.

ಗ್ರೈಂಡಿಂಗ್‌ನಲ್ಲಿ ನೋಡಬೇಕಾದದ್ದು ಹೊಳಪು ಅಲ್ರಿ, ಮೂಲೆ. ಜರ್ನಲ್ ಮುಗಿದು ಪಕ್ಕದ ಗೋಡೆ ಶುರು ಆಗೋ ಜಾಗದಲ್ಲಿ ಕಂಪನಿಯವರು ಗುಂಡಗೆ ತಿರುವು ಕೊಟ್ಟಿರ್ತಾರ. ಗ್ರೈಂಡಿಂಗ್ ಕಲ್ಲಿನ ಅಂಚು ಸರಿ ಇಲ್ಲದಿದ್ರೆ ಆ ತಿರುವು ಹೋಗಿ ಹರಿತ ಮೂಲೆ ಆಗ್ತದ. ನೊಗದ ಮೇಲೆ ಗರಗಸದ ಒಂದು ಗೆರೆ ಬಿದ್ರೆ ನೊಗ ಎಲ್ಲಿ ಮುರೀತದ? ಅಲ್ಲೇ. ಕ್ರ್ಯಾಂಕೂ ಅಲ್ಲೇ ಮುರಿಯೋದು. "ಮಿಸ್ತ್ರಿ, ಹೊತ್ತು ಆದ್ರ ಆಗಲಿ, ತಿರುವು ಮಾತ್ರ ಬಿಡಬ್ಯಾಡ್ರಿ" ಅಂತ ನಿಂತು ಹೇಳಿದೆ. ಅವರೂ ಹಳೇ ಕೈ, "ಬೂಸ್ಟ್ ಏರಸೋ ಗಾಡಿ ಅಂತ ಮೊದಲ ಹೇಳಿದ್ದು ಚಲೋ ಆತು, ಕಲ್ಲು ಡ್ರೆಸ್ ಮಾಡ್ಕೊಂಡ ಹೊಡೀತೀನಿ" ಅಂದರು. ಆಯಿಲ್ ತೂತಿನ ಅಂಚನ್ನೂ ನಯ ಮಾಡಿಸಿ, ಪ್ಲಗ್ ಬಿಚ್ಚಿ ಒಳಗಿನ ದಾರಿಗೆಲ್ಲ ಬ್ರಷ್ ಹಾಕಿಸಿದೆವು. ಗ್ರೈಂಡಿಂಗ್ ಪುಡಿ ಒಂದು ಚಿಟಿಕೆ ಉಳಿದ್ರೂ ಹೊಸ ಬೇರಿಂಗ್ ಮೊದಲ ತಾಸಿನಾಗೇ ಹಾಳು.

ನಿಮ್ಮ ಕ್ರ್ಯಾಂಕ್ ನೈಟ್ರೈಡ್ ಮಾಡಿದ್ದು ಇದ್ರೆ ಇನ್ನೊಂದು ಮಾತು. ಅದರ ಗಟ್ಟಿ ಪದರ ಬಹಳ ತೆಳು, ಗ್ರೈಂಡ್ ಮಾಡಿದ್ರೆ ಅದೇ ಹೋಗುತ್ತೆ. ಮತ್ತೆ ನೈಟ್ರೈಡ್ ಮಾಡಿಸಬೇಕು, ಇಲ್ಲ ಹೊಸದು ಹಾಕಬೇಕು.

ಮೂರನೇದು, ಬೇರಿಂಗ್ ಕೂರೋ ಮನೆ. ಬೇರಿಂಗ್ ಹಾಕದೆ ಕ್ಯಾಪ್ ಟೈಟ್ ಮಾಡಿ ಒಳಗಿನ ಬೋರನ್ನ ಎರಡು ಮೂರು ದಿಕ್ಕಿನಲ್ಲಿ ಅಳೀಬೇಕು. ಎರಡನೇ ಮೇನ್ ಸ್ವಲ್ಪ ಮೊಟ್ಟೆ ಆಕಾರಕ್ಕೆ ಬಂದಿತ್ತು. ಲೈನ್ ಬೋರಿಂಗ್ ಮಾಡಿಸಿದೆವು. ಇದನ್ನ ಬಿಟ್ಟು ಎಂಥ ದುಬಾರಿ ಬೇರಿಂಗ್ ಹಾಕಿದ್ರೂ ಅದು ಸೊಟ್ಟ ಮನೆಯಲ್ಲೇ ಕೂಡ್ತದ.

ನಾಲ್ಕನೇದು ರಾಡ್. ಮೂರನೇದು ಅನುಮಾನದಂತೆ ಬಾಗಿತ್ತು, ಹೊಸದು ತಂದು ಉಳಿದವುಗಳ ಜೊತೆ ತೂಕ ಸರಿ ಮಾಡಿಸಿದೆವು. ಬೋಲ್ಟ್ ಎಲ್ಲ ಹೊಸವು. ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಐತಿ. ಬೂಸ್ಟ್ ರಾಡನ್ನ ಒತ್ತುತ್ತೆ, ಸುತ್ತು ಬೋಲ್ಟನ್ನ ಎಳೆಯುತ್ತೆ. ಪಿಸ್ಟನ್ ಮೇಲೆ ಹೋಗಿ ವಾಪಸ್ ತಿರುಗುವಾಗ ರಾಡಿನ ಬೋಲ್ಟೇ ಅದನ್ನ ಜಗ್ಗಿ ತರಬೇಕು. 2000 ಸುತ್ತು 3000 ಆದ್ರೆ ಈ ಎಳೆತ ಎರಡು ಪಟ್ಟಿಗಿಂತ ಹೆಚ್ಚಾಗುತ್ತೆ. ಎರಡು ಟ್ರೇಲರ್ ಹಿಂದಿನಿಂದ ತಳ್ಳುವಾಗ ಇಳಿಜಾರಿನಲ್ಲಿ ಒಮ್ಮೆಲೇ ಸಣ್ಣ ಗೇರಿಗೆ ಹಾಕ್ತೀವಲ್ಲ, ಎಂಜಿನ್ ಚೀರ್ತದಲ್ಲ, ಬೋಲ್ಟಿನ ಆಯುಷ್ಯ ಹೋಗೋದು ಆವಾಗ. ಗವರ್ನರ್ ಡೀಸೆಲ್ ಕಟ್ ಮಾಡಬಹುದು, ಟ್ರೇಲರಿನ ತಳ್ಳಾಟ ಕಟ್ ಮಾಡಲ್ಲ.

ಬೋಲ್ಟ್ ಟೈಟ್ ಮಾಡೋದು ಟಾರ್ಕ್ ಪಾನಾದಿಂದಲೇ, ಪುಸ್ತಕದ ಅಳತೆಗೆ, ಎರಡು ಮೂರು ಹಂತದಲ್ಲಿ. "ನನ್ನ ಕೈಯೇ ಟಾರ್ಕ್" ಅನ್ನೋ ಮಿಸ್ತ್ರಿಗೆ ಕೈ ಮುಗಿದು ಪಾನಾ ಕೊಡ್ರಿ.

ಐದನೇದು ಬೇರಿಂಗ್. ಹೆಚ್ಚು ಲೋಡಿಗೆ ಮೂರು ಪದರದ್ದು, ಅಂದ್ರೆ ಉಕ್ಕಿನ ಬೆನ್ನು, ತಾಮ್ರ-ಸೀಸದ ನಡು, ಮೇಲೆ ಮೆತ್ತನೆ ಲೇಪ. ಒಂದೇ ಬ್ಲಾಕಿನಲ್ಲಿ ಟರ್ಬೋ ಇರೋ ಮಾಡೆಲ್, ಇಲ್ಲದ ಮಾಡೆಲ್ ಎರಡೂ ಬರ್ತಾವ. ಪಾರ್ಟ್ ನಂಬರ್ ನೋಡಿ ಟರ್ಬೋದವೇ ತರ್ರಿ. ಪಿಸ್ಟನ್, ಪಿನ್ನಿಗೂ ಇದೇ ಮಾತು. ಸಂದು ಅಳೆಯೋಕೆ ಪ್ಲಾಸ್ಟಿಕ್ ಎಳೆ ಸಿಗುತ್ತೆ. ಜರ್ನಲ್ ಮೇಲೆ ಇಟ್ಟು ಕ್ಯಾಪ್ ಟೈಟ್ ಮಾಡಿ, ಕ್ರ್ಯಾಂಕ್ ತಿರುಗಿಸದೆ ಬಿಚ್ಚಿ, ಎಳೆ ಎಷ್ಟು ಅಗಲಕ್ಕೆ ಒತ್ತಿದೆ ನೋಡೋದು. ನಮ್ಮ 65 ಮಿ.ಮೀ. ಜರ್ನಲ್ಲಿಗೆ 0.06 ಸುತ್ತ ಬಂತು, ಪುಸ್ತಕದ ಅಳತೆ ಒಳಗೇ.

ಆರನೇದು ಆಯಿಲ್ ದಾರಿ. ಹೊಸ ಆಯಿಲ್ ಪಂಪ್, ಚೇಂಬರಿನ ಜಾಳಿಗೆ ಸ್ವಚ್ಛ, ಹೊಸ ಆಯಿಲ್ ಕೂಲರ್. ಬೇರಿಂಗ್ ಹೋದ ಎಂಜಿನ್ನಿನ ಪುಡಿ ಹಳೇ ಕೂಲರಿನಲ್ಲಿ ಅಡಗಿ ಕೂತಿರ್ತದ, ತೊಳೆದ್ರೂ ಪೂರ್ತಿ ಹೋಗಲ್ಲ. ಪಿಸ್ಟನ್ ಅಡಿಗೆ ಆಯಿಲ್ ಚಿಮ್ಮೋ ಸಣ್ಣ ಜೆಟ್‌ಗಳನ್ನೂ ನೋಡಿದೆವು. ಮೊದಲ ಸಲ ಚಾಲೂ ಮಾಡುವಾಗ ಟರ್ಬೋಗೆ ಆಯಿಲ್ ತುಂಬಿ, ಡೀಸೆಲ್ ಬಂದ್ ಇಟ್ಟು, ಗೇಜ್ ಏಳೋವರೆಗೆ ಸೆಲ್ಫ್ ಹೊಡೆದೆವು.

ಇಷ್ಟೆಲ್ಲ ಆದ ಮೇಲೆ ಬೂಸ್ಟ್ ಮಾತು ಮತ್ತೆ ಬಂತು. "ಈಗಂತೂ ಎಲ್ಲಾ ಗಟ್ಟಿ ಆತಲ್ಲ ಕಾಕಾ, ಒಂದೂವರೆ ಇಡೂಣು?" ನಾನು ಅಂದೆ, "ತಮ್ಮಾ, ನಾವು ಗಟ್ಟಿ ಮಾಡಿದ್ದು ಕಂಪನಿ ಮಾಡಿದಷ್ಟು. ಅದಕ್ಕಿಂತ ದಪ್ಪ ಕ್ರ್ಯಾಂಕ್ ಹಾಕಿಲ್ಲ." ಗ್ರೈಂಡ್ ಮಾಡಿದ ಕ್ರ್ಯಾಂಕ್ ಅರ್ಧ ಮಿ.ಮೀ. ತೆಳುವೇ ಆಗಿತ್ತು. ಕೊನೆಗೆ 1 ಬಾರಿಗೆ ನಿಲ್ಲಿಸಿದೆವು. ಒಟ್ಟು 1.8 ಇದ್ದದ್ದು 2 ಆಯ್ತು, 11 ಪರ್ಸೆಂಟ್ ಏರಿಕೆ. ಪಂಪ್ ಕಪ್ಪು ಹೊಗೆ ಬಾರದಷ್ಟಕ್ಕೆ. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ ಅವ.

ನಡೆಸೋದಕ್ಕೆ ಮೂರು ನಿಯಮ ಇಟ್ಟೆವು. ಆಯಿಲ್ ಪ್ರೆಶರಿಗೆ ಲೈಟ್ ಸಾಲದು, ಮುಳ್ಳಿನ ಗೇಜ್ ಬೇಕು. ಏರಿನಲ್ಲಿ ದೊಡ್ಡ ಗೇರಿನಲ್ಲಿ ಗೊರಗೊರ ಅನ್ನಿಸಿ ಎಳಸಬಾರದು. ಸುತ್ತು ಕಡಿಮೆ, ಏಟು ಜೋರು, ಆಯಿಲ್ ಪದರ ಹರಿಯೋದೇ ಆಗ. ನಿಲ್ಲಿಸೋ ಮೊದಲು ಎರಡು ಮೂರು ನಿಮಿಷ ಐಡ್ಲಿಂಗ್, ಯಾಕಂದ್ರೆ ಲೋಡಿನಾಗ ಟರ್ಬೋ ನಿಮಿಷಕ್ಕೆ ಲಕ್ಷ ಸುತ್ತಿನ ಮೇಲೆ ತಿರುಗಿರ್ತದ, ಅದಕ್ಕೂ ಇದೇ ಆಯಿಲ್.

ಸೀಸನ್ನಿನಾಗ 950 ತಾಸು ಓಡಿತು. ಬಿಸಿ ಎಂಜಿನ್ನಿನಲ್ಲಿ 2000 ಸುತ್ತಿಗೆ 3.5 ಬಾರ್ ಇದ್ದದ್ದು ಕೊನೇ ಟ್ರಿಪ್ಪಿಗೂ ಅಷ್ಟೇ ಇತ್ತು. ಮೇ ತಿಂಗಳಲ್ಲಿ ಚೇಂಬರ್ ಇಳಿಸಿ ಒಂದು ರಾಡ್ ಕ್ಯಾಪ್, ಒಂದು ಮೇನ್ ಕ್ಯಾಪ್ ಬಿಚ್ಚಿ ನೋಡಿದೆವು. ಬೇರಿಂಗ್ ಎಲ್ಲ ಕಡೆ ಒಂದೇ ಸಮ ಬೂದು ಬಣ್ಣ. ತಾಮ್ರ ಎಲ್ಲೂ ಕಂಡಿಲ್ಲ, ಗೀರಿಲ್ಲ. ಹುಡುಗ ಅದನ್ನ ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುವಿ ತಿರುವಿ ನೋಡಿದ. ಅಡ್ವಾನ್ಸ್ ತೀರಿತ್ತು, ಕಂತೂ ಕಟ್ಟಿದ್ದ.

ಒಂದೂವರೆಗೆ ಏರಿಸಿದವರೆಲ್ಲ ಮುರಕೊಂಡರು ಅಂತ ಹೇಳಲ್ಲ. ಹೋದ ಸೀಸನ್ನಿನಾಗ ಓಡಿದವೂ ಅದಾವ. ಆದ್ರೆ ಅವರ ಬೇರಿಂಗ್ ಯಾರೂ ಬಿಚ್ಚಿ ನೋಡಿಲ್ಲ. ಇನ್ನು ಗ್ಯಾರಂಟಿ ಇರೋ ಹೊಸ ಟ್ರ್ಯಾಕ್ಟರಿನ ಪಂಪ್ ಸೀಲ್ ಒಡೆದ್ರೆ ಗ್ಯಾರಂಟಿ ಹೋಯ್ತು ಅಂತಲೇ ತಿಳೀರಿ. ಮತ್ತೆ ಎಳೆಯೋ ಬಲ ಏರಿದ್ರೂ ಬ್ರೇಕ್ ಮೊದಲಿನದೇ ಇರ್ತದ, ಟ್ರೇಲರಿಗೂ ಬ್ರೇಕ್ ಹಾಕಸ್ರಿ.

ಗ್ಯಾರೇಜಿಗೆ ಹೋಗೋರು ಈ ವಾರ ಒಂದು ಕೆಲಸ ಮಾಡ್ರಿ. ಎಂಜಿನ್ ಪೂರ್ತಿ ಬಿಸಿ ಆದ ಮೇಲೆ ಐಡ್ಲಿಂಗ್‌ನಲ್ಲಿ ಮತ್ತು 2000 ಸುತ್ತಿನಲ್ಲಿ ಆಯಿಲ್ ಪ್ರೆಶರ್ ಎಷ್ಟು ಅಂತ ಗೇಜ್ ಹಚ್ಚಿ ನೋಡಿ ಬರೆದಿಡ್ರಿ. ಆ ಎರಡು ಅಂಕಿ ಇಲ್ಲದೆ ಬೂಸ್ಟಿನ ಮಾತು ಶುರು ಮಾಡಬ್ಯಾಡ್ರಿ. ನೋಡಿದವರು ಟ್ರ್ಯಾಕ್ಟರ್ ಎಷ್ಟು ತಾಸು ಓಡಿದೆ ಅನ್ನೋದನ್ನೂ ಸೇರಿಸಿ ಇಲ್ಲಿ ಬರೀರಿ, ಎಲ್ಲಾರೂ ಹೋಲಿಸಿ ನೋಡೂಣು.